ಡ್ರ್ಯಾಗನ್ ಕಥೆಗೆ ವಯಸ್ಸಿನ ಮುದ್ರೆ ಬೇಕೇ?

ಅಣ್ಣನ ಮಗಳಿಗೆ 12 ತುಂಬಿದ ವಾರ ಅವಳನ್ನು ಬೆಂಗಳೂರಿನ ಒಂದು ಪುಸ್ತಕದಂಗಡಿಗೆ ಕರೆದುಕೊಂಡು ಹೋಗಿದ್ದೆ. ನಿನಗೆ ಯಾವುದು ಬೇಕೋ ಒಂದು ಆರಿಸಿಕೋ ಅಂದೆ. ಮಕ್ಕಳ ಫ್ಯಾಂಟಸಿ ಕಪಾಟಿನ ಮುಂದೆ ನೆಲದ ಮೇಲೇ ಕೂತವಳು ಹತ್ತು ನಿಮಿಷದಲ್ಲಿ ಇಟ್ಟಿಗೆಯಷ್ಟು ದಪ್ಪದ ಒಂದು ಪುಸ್ತಕವನ್ನು ಎದೆಗವಚಿಕೊಂಡು ಬಂದಳು. ರಕ್ಷಾಪುಟದ ತುಂಬ ಬಂಗಾರದ ಬಣ್ಣ, ಅದರ ಮೇಲೆ ಹಾರುವ ಡ್ರ್ಯಾಗನ್‌ಗಳ ನೆರಳು. "ಅತ್ತೆ, ಇದೇ ಬೇಕು. ಕ್ಲಾಸಲ್ಲಿ ಎಲ್ಲರೂ ಇದರ ಬಗ್ಗೆನೇ ಮಾತಾಡ್ತಿರ್ತಾರೆ."

ಅದು ರೆಬೆಕಾ ಯಾರೋಸ್ ಬರೆದ 'ಫೋರ್ತ್ ವಿಂಗ್'. 2023ರಲ್ಲಿ ಅಮೆರಿಕದಲ್ಲಿ ಪ್ರಕಟವಾದ, ದೊಡ್ಡವರಿಗಾಗಿ ಬರೆದ ಕಾದಂಬರಿ. ನಾಯಕಿಗೆ ಇಪ್ಪತ್ತು ವರ್ಷ. ನನಗೆ ಆಗ ಇದು ಯಾವುದೂ ಗೊತ್ತಿರಲಿಲ್ಲ. ಹೊರಗಡೆ ಎಲ್ಲೂ ವಯಸ್ಸಿನ ಗುರುತು ಇರಲಿಲ್ಲ; ಅಂಗಡಿಯವರು ಇಟ್ಟದ್ದೂ ಮಕ್ಕಳ ಪುಸ್ತಕಗಳ ನಡುವೆ. ಬಿಲ್ಲು ಮಾಡಿಸುವ ಮೊದಲು ಸುಮ್ಮನೆ ತೆರೆದೆ. ಕಥೆ ಶುರುವಾಗುವ ಮುಂಚೆ ಒಂದು ಸಣ್ಣ ಸೂಚನೆ ಕಂಡಿತು. ಇದು ಡ್ರ್ಯಾಗನ್ ಸವಾರರ ಕ್ರೂರ ಸೈನಿಕ ಶಾಲೆಯ ಕಥೆ, ಇದರಲ್ಲಿ ಯುದ್ಧ, ರಕ್ತ, ತೀವ್ರ ಹಿಂಸೆ, ಸಾವು, ವಿಷಪ್ರಯೋಗ, ಒರಟು ಮಾತು, ಪುಟದ ಮೇಲೇ ನಡೆಯುವ ಲೈಂಗಿಕ ದೃಶ್ಯಗಳು ಇವೆ, ಇಂಥದ್ದು ತಾಗುವವರು ಗಮನಿಸಿ ಎಂಬ ಅರ್ಥದ ಸೂಚನೆ. ವಯಸ್ಸು ಇಷ್ಟಿರಬೇಕು ಎಂದು ಅಲ್ಲಿ ಒಂದು ಅಂಕಿಯೂ ಇರಲಿಲ್ಲ. ಆದರೂ ನನಗೆ ಬೇಕಾದದ್ದೆಲ್ಲ ಆ ಒಂದು ಪ್ಯಾರಾದಲ್ಲಿತ್ತು.

ಆವತ್ತಿನಿಂದ ಈ ವಿಷಯ ನನ್ನನ್ನು ಬಿಟ್ಟಿಲ್ಲ. ಸಿನಿಮಾಕ್ಕೆ ಮುದ್ರೆ ಇದೆ, ವಿಡಿಯೊ ಗೇಮ್‌ಗೆ ಇದೆ, ಒಟಿಟಿ ಧಾರಾವಾಹಿಗೂ ಇದೆ, ಪುಸ್ತಕಕ್ಕೆ ಮಾತ್ರ ಏಕಿಲ್ಲ ಎಂದು ಈಗ ಅಮೆರಿಕ, ಬ್ರಿಟನ್ನಿನ ತಂದೆತಾಯಿಯರು ಕೇಳುತ್ತಿದ್ದಾರೆ. ಬೆಂಗಳೂರಿನ ಅಪಾರ್ಟ್‌ಮೆಂಟ್ ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ಅದೇ ಪ್ರಶ್ನೆ ಓಡಾಡುತ್ತಿದೆ. ಪ್ರಶ್ನೆ ಹೆಚ್ಚಾಗಿ ಏಳುವುದು ಫ್ಯಾಂಟಸಿಯ ಸುತ್ತಲೇ. ಅದಕ್ಕೆ ಕಾರಣವೂ ಇದೆ. ಪ್ರೇಮಕಥೆ ಮತ್ತು ಮಾಯಾಲೋಕ ಬೆರೆತ 'ರೊಮ್ಯಾಂಟಸಿ' ಇವತ್ತು ಇಂಗ್ಲಿಷ್ ಪುಸ್ತಕ ಮಾರುಕಟ್ಟೆಯನ್ನು ಆಳುತ್ತಿದೆ. ಯಾರೋಸ್ ಅವರ ಇದೇ ಸರಣಿಯ ಮೂರನೆಯ ಪುಸ್ತಕ 2025ರ ಜನವರಿಯಲ್ಲಿ ಮೊದಲ ವಾರದಲ್ಲೇ 27 ಲಕ್ಷ ಪ್ರತಿ ಮಾರಾಟವಾಯಿತು. ಟಿಕ್‌ಟಾಕ್, ಇನ್‌ಸ್ಟಾಗ್ರಾಂಗಳಲ್ಲಿ ಈ ಪುಸ್ತಕಗಳನ್ನು ಹಿಡಿದು ಮಾತಾಡುವವರು ಲೈಂಗಿಕ ದೃಶ್ಯ ಎಷ್ಟಿದೆ ಎಂದು ಹೇಳಲು ಮೆಣಸಿನಕಾಯಿ ಚಿಹ್ನೆ ಹಾಕುತ್ತಾರೆ. ಒಂದು ಮೆಣಸಿನಕಾಯಿ, ಮೂರು, ಐದು. ಓದುಗರೇ ತಮಗಾಗಿ ಮಾಡಿಕೊಂಡ ಮುದ್ರೆ ಅದು. ರಕ್ಷಾಪುಟ ಮಾತ್ರ ಹೂವು, ಕತ್ತಿ, ರೆಕ್ಕೆಗಳಿಂದ ಮಕ್ಕಳ ಕಥೆಯಂತೆಯೇ ಕಾಣುತ್ತದೆ.

ಹಾಗಾದರೆ ಒಂದು ಅಂಕಿ ಮುದ್ರಿಸಿಬಿಟ್ಟರೆ ಆಯಿತಲ್ಲ? ಆ ಪ್ರಯತ್ನ ಒಮ್ಮೆ ನಡೆದಿದೆ. 2008ರಲ್ಲಿ ಬ್ರಿಟನ್ನಿನ ಪ್ರಕಾಶಕರು ಮಕ್ಕಳ ಪುಸ್ತಕಗಳ ಬೆನ್ನುಪುಟದ ಮೇಲೆ 5+, 7+, 9+, 11+, 13+ ಎಂದು ಗುರುತು ಹಾಕಲು ಹೊರಟರು. ಅವರ ಉದ್ದೇಶವನ್ನು ತಪ್ಪೆನ್ನಲಾಗದು. ಮೊಮ್ಮಗುವಿಗೆ ಉಡುಗೊರೆ ಕೊಳ್ಳಲು ಬಂದ ಅಜ್ಜ ಅಂಗಡಿಯಲ್ಲಿ ಯಾವುದನ್ನು ತೆಗೆದುಕೊಳ್ಳಬೇಕೆಂದು ತಿಳಿಯದೆ ಬರಿಗೈಲಿ ಹೋಗಬಾರದು ಎಂಬುದು ಅವರ ಆಲೋಚನೆ. ಆದರೆ ಲೇಖಕರೇ ತಿರುಗಿಬಿದ್ದರು. ಮುಂದೆ ನಿಂತವರು ಫ್ಯಾಂಟಸಿ ಬರೆಯುವ ಫಿಲಿಪ್ ಪುಲ್‌ಮನ್. ಸಾವಿರಾರು ಲೇಖಕರು, ಚಿತ್ರಕಾರರು, ಗ್ರಂಥಪಾಲಕರು, ಶಿಕ್ಷಕರು ಅವರ ಜೊತೆ ಸಹಿ ಹಾಕಿದರು. ಅವರ ವಾದದ ತಿರುಳು ಇದು: ಓದು ನಿಧಾನವಾಗಿರುವ ಹತ್ತು ವರ್ಷದ ಹುಡುಗ 7+ ಎಂದು ಬರೆದ ಪುಸ್ತಕವನ್ನು ಗೆಳೆಯರೆದುರು ಕೈಯಲ್ಲಿ ಹಿಡಿಯುವುದಿಲ್ಲ. ಚುರುಕಾಗಿ ಓದುವ ಎಂಟರ ಹುಡುಗಿಗೆ 11+ ಕೊಡಿಸಲು ಮನೆಯವರು ಹಿಂಜರಿಯುತ್ತಾರೆ. ಅಂಕಿ ಇಬ್ಬರಿಂದಲೂ ಪುಸ್ತಕ ಕಸಿದುಕೊಳ್ಳುತ್ತದೆ. ಎಲ್ಲ ಮಕ್ಕಳ ಪುಸ್ತಕಕ್ಕೂ ಒಂದೇ ಬಗೆಯ ಮುದ್ರೆ ಎಂಬ ಯೋಜನೆ ಅಲ್ಲಿ ಪೂರ್ತಿಯಾಗಿ ನೆಲೆಗೊಳ್ಳಲೇ ಇಲ್ಲ.

ಈ ಗದ್ದಲದಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಕಲಸಿಹೋಗಿದ್ದವು. ಇವತ್ತಿಗೂ ಕಲಸಿಯೇ ಇವೆ. ಮಗುವಿಗೆ ಓದಲು ಎಷ್ಟು ಬರುತ್ತದೆ ಎಂಬುದು ಒಂದು. ಓದಿದ್ದನ್ನು ಮಗುವಿನ ಮನಸ್ಸು ತಾಳಿಕೊಳ್ಳುತ್ತದೆಯೇ ಎಂಬುದು ಇನ್ನೊಂದು. ಅಮೆರಿಕದ ಶಾಲೆಗಳಲ್ಲಿ ಬಳಸುವ ಲೆಕ್ಸೈಲ್ ಎಂಬ ಅಳತೆ ಮೊದಲನೆಯದನ್ನು ಮಾತ್ರ ನೋಡುತ್ತದೆ. ವಾಕ್ಯ ಎಷ್ಟುದ್ದ, ಪದ ಎಷ್ಟು ಅಪರೂಪ ಎಂದು. ಆ ಅಳತೆಯಲ್ಲಿ ಜೇಡ ಮತ್ತು ಹಂದಿಮರಿಯ ಸ್ನೇಹದ ಮಕ್ಕಳ ಕಥೆ 'ಷಾರ್ಲಟ್ಸ್ ವೆಬ್'ಗೂ, ಹಸಿವು, ವಲಸೆ, ಸಾವುಗಳ ಕಾದಂಬರಿ 'ದಿ ಗ್ರೇಪ್ಸ್ ಆಫ್ ರಾತ್'ಗೂ ಸಿಗುವ ಅಂಕ ಒಂದೇ, 680. ನಮ್ಮಲ್ಲಿ ಬೆಂಗಳೂರಿನ ಪ್ರಥಮ್ ಬುಕ್ಸ್ ತನ್ನ ಸ್ಟೋರಿವೀವರ್ ಎಂಬ ಮಕ್ಕಳ ಕಥೆಗಳ ಜಾಲತಾಣದಲ್ಲಿ ಕನ್ನಡ ಕಥೆಗಳಿಗೂ 1ರಿಂದ 4ರವರೆಗೆ ಹಂತ ಕೊಡುತ್ತದೆ. ಅದು ಓದಿನ ಹಂತ, ವಯಸ್ಸಲ್ಲ. ಹತ್ತು ವರ್ಷದ ಮಗು ಈಗಷ್ಟೇ ಕನ್ನಡ ಕಲಿಯುತ್ತಿದ್ದರೆ 1ನೇ ಹಂತದ ಪುಸ್ತಕವನ್ನು ನಾಚಿಕೆಯಿಲ್ಲದೆ ಓದಬಹುದು. ಹೊರನಾಡಿನಲ್ಲಿ ಬೆಳೆಯುವ ಕನ್ನಡದ ಮಕ್ಕಳಿಗೆ ಇದು ಎಷ್ಟು ದೊಡ್ಡ ಅನುಕೂಲ ಎಂಬುದು ಅವರಿಗೆ ಕಲಿಸುವವರಿಗೆ ಗೊತ್ತು.

ಇನ್ನು 'ಯಂಗ್ ಅಡಲ್ಟ್' ಎಂಬ ಫಲಕ. ಬಹಳ ತಂದೆತಾಯಿಯರು ಅದನ್ನು ಸಿನಿಮಾದ ಯು/ಎ ಇದ್ದಂತೆ ಎಂದುಕೊಳ್ಳುತ್ತಾರೆ. ಆ ಹೆಸರು 12ರಿಂದ 18ರ ಓದುಗರಿಗೆಂದು ಹುಟ್ಟಿದ್ದು ನಿಜ. ಆದರೆ ಯಾವ ಪುಸ್ತಕ ಆ ಫಲಕದಡಿ ಹೋಗಬೇಕೆಂದು ತೀರ್ಮಾನಿಸುವ ಮಂಡಳಿ ಯಾವುದೂ ಇಲ್ಲ. ತೀರ್ಮಾನಿಸುವವರು ಪ್ರಕಾಶಕರ ಮಾರಾಟ ವಿಭಾಗ. ಅಮೆರಿಕದಲ್ಲಿ ಬೋಕರ್ ಸಂಸ್ಥೆ 2012ರಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ಆ ಫಲಕದಡಿಯ ಪುಸ್ತಕ ಕೊಳ್ಳುವವರಲ್ಲಿ ಶೇ 55ರಷ್ಟು ಜನ 18 ದಾಟಿದವರು. ಕೊಳ್ಳುವವರು ದೊಡ್ಡವರಾದಾಗ ಬರವಣಿಗೆಯೂ ಅವರ ಕಡೆಗೆ ವಾಲುತ್ತದೆ. ಸಾರಾ ಜೆ. ಮಾಸ್ ಅವರ 'ಎ ಕೋರ್ಟ್ ಆಫ್ ಥಾರ್ನ್ಸ್ ಆ್ಯಂಡ್ ರೋಸಸ್' ಇದಕ್ಕೆ ಎದ್ದು ಕಾಣುವ ಉದಾಹರಣೆ. 2015ರಲ್ಲಿ ಅದು ಹದಿಹರೆಯದವರ ಕಪಾಟಿಗೆ ಬಂತು. ಸರಣಿ ಮುಂದುವರಿದಂತೆ ದೃಶ್ಯಗಳು ಬಿಚ್ಚುತ್ತಾ ಹೋದವು. 2020ರಲ್ಲಿ ಪ್ರಕಾಶಕರು ಹೊಸ ರಕ್ಷಾಪುಟ ತೊಡಿಸಿ ಅದನ್ನು ದೊಡ್ಡವರ ಪುಸ್ತಕವೆಂದು ಮಾರತೊಡಗಿದರು. ಕಥೆ ಅದೇ, ಜಾಗ ಮಾತ್ರ ಬದಲು. ಆ ಐದು ವರ್ಷ ಅದನ್ನು ಹದಿಮೂರರ ಹುಡುಗಿಯರು ಕೊಂಡಿದ್ದರೆ ಅದರಲ್ಲಿ ಅವರ ತಪ್ಪೇನೂ ಇಲ್ಲ.

ಫ್ಯಾಂಟಸಿಯನ್ನು ತೂಗುವುದು ಬೇರೆ ಕಥೆಗಳನ್ನು ತೂಗಿದಂತಲ್ಲ. ವಿಡಿಯೊ ಗೇಮ್‌ಗಳಿಗೆ ಮುದ್ರೆ ಕೊಡುವ ಅಮೆರಿಕದ ಇಎಸ್‌ಆರ್‌ಬಿ 'ಫ್ಯಾಂಟಸಿ ಹಿಂಸೆ' ಎಂಬ ಪ್ರತ್ಯೇಕ ವಿವರಣೆಯನ್ನೇ ಇಟ್ಟುಕೊಂಡಿದೆ. ನಿಜ ಜೀವನದ್ದಲ್ಲ ಎಂದು ಸುಲಭವಾಗಿ ಗೊತ್ತಾಗುವ ಹಿಂಸೆ ಎಂದು ಅದರ ಅರ್ಥ. ಅಂದರೆ ಸತ್ತದ್ದು ರಾಕ್ಷಸನಾದರೆ ತೂಕ ಕಡಿಮೆ. ಸಿನಿಮಾಗಳಲ್ಲಿ ಓರ್ಕ್ ಎಂಬ ರಾಕ್ಷಸರ ರಕ್ತ ಕಪ್ಪಗಿರುತ್ತದೆ. ಕೆಂಪು ಕಂಡಷ್ಟು ಕಪ್ಪು ಯಾರ ಕಣ್ಣಿಗೂ ಹೊಡೆಯುವುದಿಲ್ಲ. ಆದರೆ ಮಕ್ಕಳನ್ನು ಕೇಳಿ ನೋಡಿ. ಹ್ಯಾರಿ ಪಾಟರ್ ಕಥೆಯ ಡಿಮೆಂಟರ್‌ಗಳು ಒಂದು ಹನಿ ರಕ್ತವನ್ನೂ ಸುರಿಸುವುದಿಲ್ಲ. ಹತ್ತಿರ ಬಂದು ಒಳಗಿನ ಸಂತೋಷವನ್ನೆಲ್ಲ ಹೀರಿಕೊಳ್ಳುತ್ತವೆ, ಅಷ್ಟೆ. ನನ್ನ ಅಣ್ಣನ ಮಗಳು ಒಂಬತ್ತನೇ ವಯಸ್ಸಿನಲ್ಲಿ ಅದನ್ನು ಓದಿ ಒಂದು ವಾರ ಬಚ್ಚಲುಮನೆಯ ಬಾಗಿಲು ತೆರೆದಿಟ್ಟುಕೊಂಡೇ ಸ್ನಾನ ಮಾಡಿದಳು. ಕತ್ತಿಯೇಟುಗಳನ್ನು ಎಣಿಸುವ ಯಾವ ಪಟ್ಟಿಯೂ ಆ ಭಯವನ್ನು ಮೊದಲೇ ಹೇಳುತ್ತಿರಲಿಲ್ಲ.

ಹ್ಯಾರಿ ಪಾಟರ್ ಸರಣಿಯೇ ಇನ್ನೊಂದು ತೊಡಕನ್ನೂ ತೋರಿಸುತ್ತದೆ. 1997ರಲ್ಲಿ ಶುರುವಾಗಿ 2007ರಲ್ಲಿ ಮುಗಿದ ಏಳು ಪುಸ್ತಕ. ಮೊದಲನೆಯದರಲ್ಲಿ ನಾಯಕನಿಗೆ 11. ನಾಲ್ಕನೆಯದು ಮುಗಿಯುವ ಹೊತ್ತಿಗೆ ಶಾಲೆಯ ಹುಡುಗನೊಬ್ಬನ ಕೊಲೆಯಾಗಿರುತ್ತದೆ. ಅಂದು ಕಾದು ಕಾದು ಓದಿದ ಮಕ್ಕಳು ಕಥೆಯ ಜೊತೆಗೇ ಬೆಳೆದರು. ಇವತ್ತಿನ ಮಗುವಿಗೆ ಏಳೂ ಒಂದೇ ಡಬ್ಬಿಯಲ್ಲಿ ಸಿಗುತ್ತವೆ, ಬೇಸಿಗೆ ರಜೆಯಲ್ಲಿ ಅಷ್ಟೂ ಮುಗಿದುಹೋಗುತ್ತವೆ. ಸಿನಿಮಾಗಳ ವಿಷಯದಲ್ಲಿ ಮುದ್ರೆ ಕಥೆಯ ಜೊತೆಗೆ ಬದಲಾಯಿತು. ಬ್ರಿಟನ್ನಿನಲ್ಲಿ ಮೊದಲ ಮೂರಕ್ಕೆ ಪಿಜಿ, ಅಂದರೆ ಹೆತ್ತವರು ನೋಡಿಕೊಂಡು ತೋರಿಸಿ ಎಂಬ ಮುದ್ರೆ; ನಾಲ್ಕರಿಂದ ಮುಂದಕ್ಕೆ 12ಎ, ಅಂದರೆ 12ರ ಒಳಗಿನವರು ದೊಡ್ಡವರ ಜೊತೆ ಮಾತ್ರ. ಆದರೆ ಆರನೆಯ ಚಿತ್ರಕ್ಕೆ ಅಮೆರಿಕದವರು ಕೊಟ್ಟದ್ದು ಪಿಜಿ, ಬ್ರಿಟನ್ನಿನವರು ಕೊಟ್ಟದ್ದು 12ಎ. ಇದೇ ಕೆಲಸಕ್ಕೆಂದು ಕೂತವರು, ಎರಡೂವರೆ ಗಂಟೆಯ ಒಂದೇ ಚಿತ್ರವನ್ನು ನೋಡಿಯೂ ಒಮ್ಮತಕ್ಕೆ ಬರಲಿಲ್ಲ. ಏಳುನೂರು ಪುಟದ ಪುಸ್ತಕಕ್ಕೆ, ಅದೂ ದೃಶ್ಯಗಳೆಲ್ಲ ಓದುವವರ ತಲೆಯೊಳಗೇ ಮೂಡುವ ಪುಸ್ತಕಕ್ಕೆ, ಒಂದು ಅಂಕಿಯನ್ನು ಯಾರು ನಂಬಿಕೆಯಿಂದ ಕೊಟ್ಟಾರು?

ಇಲ್ಲಿಯವರೆಗಿನದು ಕಷ್ಟದ ಮಾತು. ಇನ್ನು ಅಪಾಯದ ಮಾತು. ಮುದ್ರೆ ಹಾಕುವ ಕೆಲಸಕ್ಕೆ ಸರ್ಕಾರ ಕೈಹಾಕಿದರೆ ಏನಾಗುತ್ತದೆ ಎಂಬುದನ್ನು ಟೆಕ್ಸಾಸ್ ತೋರಿಸಿತು. ಡಾಲಸ್, ಆಸ್ಟಿನ್ ಕಡೆ ಕನ್ನಡದ ಕುಟುಂಬಗಳು ಸಾಕಷ್ಟಿವೆ, ಅವರ ಮಕ್ಕಳು ಓದುವುದು ಅದೇ ಶಾಲೆಗಳಲ್ಲಿ. 2023ರಲ್ಲಿ ಅಲ್ಲಿನ ಶಾಸನಸಭೆ ಎಚ್‌ಬಿ 900 ಎಂಬ ಕಾನೂನು ತಂದಿತು. ಶಾಲಾ ಗ್ರಂಥಾಲಯಗಳಿಗೆ ಪುಸ್ತಕ ಮಾರುವ ಪ್ರತಿ ಅಂಗಡಿಯೂ ಪ್ರತಿ ಪುಸ್ತಕದ ಲೈಂಗಿಕ ವಿಷಯವನ್ನು ತಾನೇ ಓದಿ ವರ್ಗೀಕರಿಸಬೇಕು. ಈಗಾಗಲೇ ಮಾರಿ ಇನ್ನೂ ಬಳಕೆಯಲ್ಲಿರುವ ಪುಸ್ತಕಗಳಿಗೂ ಅದೇ ನಿಯಮ. ಅಂಗಡಿ ಕೊಟ್ಟ ವರ್ಗ ರಾಜ್ಯದ ಶಿಕ್ಷಣ ಇಲಾಖೆಗೆ ಒಪ್ಪಿಗೆಯಾಗದಿದ್ದರೆ ಇಲಾಖೆ ಹೇಳಿದ್ದನ್ನೇ ಅಂಗಡಿ ತನ್ನದೆಂದು ಒಪ್ಪಿಕೊಳ್ಳಬೇಕು. ಹ್ಯೂಸ್ಟನ್ನಿನ ಬ್ಲೂ ವಿಲೋ ಎಂಬ ಪುಟ್ಟ ಅಂಗಡಿ, ಆಸ್ಟಿನ್ನಿನ ಬುಕ್‌ಪೀಪಲ್ ಮತ್ತು ಲೇಖಕರ, ಪ್ರಕಾಶಕರ ಸಂಘಗಳು ಕೋರ್ಟಿಗೆ ಹೋದವು. ಒಂದು ಪುಸ್ತಕವನ್ನು ವರ್ಗೀಕರಿಸಲು 200ರಿಂದ 1,000 ಡಾಲರ್ ಬೇಕಾಗುತ್ತದೆ ಎಂದು ಬ್ಲೂ ವಿಲೋ ಲೆಕ್ಕ ಕೊಟ್ಟಿತು. ಆ ಅಂಗಡಿಯ ಇಡೀ ವರ್ಷದ ವ್ಯಾಪಾರ 10 ಲಕ್ಷ ಡಾಲರ್‌ಗಿಂತ ತುಸು ಹೆಚ್ಚು, ಅಷ್ಟೆ. 2024ರ ಜನವರಿಯಲ್ಲಿ ಐದನೇ ವಲಯದ ಮೇಲ್ಮನವಿ ನ್ಯಾಯಾಲಯ ಅಂಗಡಿಗಳ ಪರ ನಿಂತಿತು. ಸರ್ಕಾರದ ಅಭಿಪ್ರಾಯವನ್ನು ಅಂಗಡಿಯವರ ಬಾಯಲ್ಲಿ ಬಲವಂತವಾಗಿ ಆಡಿಸುವುದು ವಾಕ್ ಸ್ವಾತಂತ್ರ್ಯಕ್ಕೆ ವಿರುದ್ಧ ಎಂಬ ನಿಲುವು ಅದು.

ಯೂಟಾ ರಾಜ್ಯದ ದಾರಿ ಬೇರೆ. ಮೂರು ಶಾಲಾ ಜಿಲ್ಲೆಗಳು ಒಂದು ಪುಸ್ತಕವನ್ನು ತೆಗೆದುಹಾಕಿದರೆ ಸಾಕು, ಅದು ಇಡೀ ರಾಜ್ಯದ ಸರ್ಕಾರಿ ಶಾಲೆಗಳಿಂದ ಹೋಗಬೇಕು. 2024ರ ಆಗಸ್ಟ್‌ನಲ್ಲಿ ಬಂದ ಮೊದಲ ಪಟ್ಟಿಯಲ್ಲಿ 13 ಪುಸ್ತಕಗಳು. ಅವುಗಳಲ್ಲಿ ಆರು ಸಾರಾ ಜೆ. ಮಾಸ್ ಅವರ ಫ್ಯಾಂಟಸಿಗಳೇ. ಆ ಆರನ್ನು ಏಳನೇ ತರಗತಿಯವರ ಕೈಗೆ ಕೊಡಬೇಕೆಂದು ನಾನು ಹೇಳುವುದಿಲ್ಲ. ಆದರೆ 17ರ ವಿದ್ಯಾರ್ಥಿನಿಗೂ 11ರ ಹುಡುಗನಿಗೂ ಒಂದೇ ಬೀಗ ಹಾಕುವುದನ್ನು ವಯಸ್ಸಿಗೆ ತಕ್ಕ ವ್ಯವಸ್ಥೆ ಎನ್ನುವುದು ಹೇಗೆ?

ನ್ಯೂಜಿಲೆಂಡ್‌ನಲ್ಲಿ ನಡೆದದ್ದನ್ನೂ ನೆನೆಯಬೇಕು. ಅಲ್ಲಿ ಪುಸ್ತಕಕ್ಕೂ ಸರ್ಕಾರಿ ವರ್ಗೀಕರಣ ಸಾಧ್ಯ. ಟೆಡ್ ಡಾವ್ ಅವರ ಹದಿಹರೆಯದ ಕಾದಂಬರಿಯೊಂದಕ್ಕೆ, ಅದು ಫ್ಯಾಂಟಸಿಯಲ್ಲ, 2013ರಲ್ಲಿ 14 ವರ್ಷದ ಮಿತಿ ಬಿತ್ತು. 2015ರಲ್ಲಿ ಮಿತಿ ತೆಗೆದರು, ಸೆಪ್ಟೆಂಬರ್‌ನಲ್ಲಿ ತಾತ್ಕಾಲಿಕವಾಗಿ ಪೂರ್ತಿ ನಿಷೇಧವೇ ಆಯಿತು, ಅಕ್ಟೋಬರ್‌ನಲ್ಲಿ ಅದೂ ಹೋಯಿತು. ದೇಶದ ಮಕ್ಕಳ ಸಾಹಿತ್ಯ ಪ್ರಶಸ್ತಿ ಪಡೆದ ಪುಸ್ತಕ ಅದು.

ನಮ್ಮಲ್ಲಿ? ಸಿನಿಮಾಕ್ಕೆ 2023ರ ತಿದ್ದುಪಡಿಯಿಂದ ಯುಎ 7+, 13+, 16+ ಎಂಬ ಮೂರು ಮೆಟ್ಟಿಲು ಬಂದಿದೆ. ಒಟಿಟಿಗೆ 2021ರ ಐಟಿ ನಿಯಮಗಳಲ್ಲಿ ಅದೇ ವಯಸ್ಸುಗಳು ಮೊದಲೇ ಇದ್ದವು, ಜೊತೆಗೆ ಹಿಂಸೆ, ಮಾದಕವಸ್ತು, ನಗ್ನತೆ ಎಂಬಂತೆ ಏನೇನಿದೆ ಎಂದು ಹೇಳುವ ವಿವರಣೆಯೂ ಇರಬೇಕು. ಪುಸ್ತಕಕ್ಕೆ ಮುದ್ರೆ ಇಲ್ಲ, ಕಾನೂನು ಮಾತ್ರ ಇದೆ. ಭಾರತೀಯ ನ್ಯಾಯ ಸಂಹಿತೆಯ 295ನೇ ಕಲಂ ಮಕ್ಕಳಿಗೆ ಅಶ್ಲೀಲ ವಸ್ತು ಮಾರುವುದನ್ನು ಅಪರಾಧ ಎನ್ನುತ್ತದೆ. ಅದಲ್ಲದೆ 1956ರ ಇನ್ನೊಂದು ಕಾನೂನಿದೆ, ಎಳೆಯರಿಗೆ ಹಾನಿಕರ ಪ್ರಕಟಣೆಗಳ ಕುರಿತಾದದ್ದು. ಬ್ರಿಟನ್ನಿನಲ್ಲಿ ಅಮೆರಿಕದ ಭಯಾನಕ ಕಾಮಿಕ್ಸ್ ಪುಸ್ತಕಗಳ ಮೇಲೆ ಎದ್ದ ಗಾಬರಿಯಿಂದ 1955ರಲ್ಲಿ ಒಂದು ಕಾನೂನು ಹುಟ್ಟಿತ್ತು, ಮರುವರ್ಷ ನಮ್ಮಲ್ಲೂ ಅದೇ ಬಗೆಯದು ಬಂತು. ಅದರಲ್ಲಿ ಅಪರಾಧ, ಕ್ರೌರ್ಯ, ಅಸಹ್ಯ ಅಥವಾ ಭೀಕರ ಘಟನೆಗಳನ್ನು ಎಳೆಯರ ಮನಸ್ಸು ಕೆಡುವಂತೆ ಚಿತ್ರಿಸುವುದೇ ಹಾನಿಕರ ಎಂಬ ವ್ಯಾಖ್ಯೆ. 'ಎಳೆಯರು' ಎಂದರೆ 20ರ ಒಳಗಿನವರು. ಇಷ್ಟು ಅಗಲವಾದ ಬಲೆಯನ್ನು ಬೀಸಿದರೆ ರಾಕ್ಷಸರಿರುವ ಯಾವ ಕಥೆ ತಪ್ಪಿಸಿಕೊಂಡೀತು?

ಬಯಲಾಟದಲ್ಲಿ ನರಸಿಂಹ ಹಿರಣ್ಯಕಶಿಪುವಿನ ಹೊಟ್ಟೆ ಬಗೆಯುವಾಗ ಮುಂದಿನ ಸಾಲಿನಲ್ಲಿ ಕೂತಿರುವುದು ಮಕ್ಕಳೇ. ಮರಕ್ಕೆ ನೇತುಬಿದ್ದ ಹೆಣದೊಳಗಿನ ಬೇತಾಳನ ಕಥೆಗಳನ್ನು ಚಿಕ್ಕವರಿದ್ದಾಗಲೇ ಓದಿ ಬೆಳೆದವರು ನಾವು. ಹಾಗಾದರೆ ನಮಗೆ ಈ ಚಿಂತೆಯೇ ಬೇಡ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆಟಕ್ಕೆ ಹೋದ ಮಗು ಯಾರದೋ ತೊಡೆಯ ಮೇಲೆ ಕೂತಿರುತ್ತಿತ್ತು. ನಮ್ಮಜ್ಜಿ ರಾಕ್ಷಸಿಯ ಕಥೆ ಹೇಳುವಾಗ ನನ್ನ ತಮ್ಮ ಅವಳ ಸೆರಗು ಹಿಡಿದುಕೊಳ್ಳುತ್ತಿದ್ದ. ಹಿಡಿತ ಬಿಗಿಯಾಯಿತೆಂದರೆ ಆ ರಾತ್ರಿ ರಾಕ್ಷಸಿಗೆ ಬೇಗ ನಿದ್ದೆ ಬರುತ್ತಿತ್ತು. ಅವನಿಗೆ ಎಂಟಾದ ಮೇಲೆ ಅದೇ ಕಥೆಯಲ್ಲಿ ಅವಳು ಎಚ್ಚರವಾಗಿಯೇ ಇದ್ದು ಬಾವಿಯವರೆಗೂ ಅಟ್ಟಿಸಿಕೊಂಡು ಬಂದಳು. ಮುದ್ರೆ ಹೇಳುವವಳ ಕೈಯಲ್ಲಿತ್ತು, ಮಗುವಿನ ಮುಖ ನೋಡಿ ಅವಳು ಅದನ್ನು ದಿನಾ ಬದಲಿಸುತ್ತಿದ್ದಳು. ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬಳೇ ಓದುವ ಹುಡುಗಿಯ ಪಕ್ಕದಲ್ಲಿ ಆ ಅಜ್ಜಿ ಇಲ್ಲ. ಅಚ್ಚಾದ ಪುಸ್ತಕಕ್ಕೆ ಎದುರಿಗಿರುವವರ ಮುಖ ಕಾಣುವುದಿಲ್ಲ.

ಅದಕ್ಕೇ ನನಗೆ ಅಂಕಿ ಬೇಡ, ವಿವರ ಬೇಕು. ಒಳಗೆ ಏನಿದೆ ಎಂದು ನಾಲ್ಕು ಸಾಲು, ಕಥೆ ಬರೆದವರೇ ಅಥವಾ ಪ್ರಕಾಶಕರೇ ಬರೆದದ್ದು. ಅಭಿಮಾನಿಗಳು ಬರೆದ ಕಥೆಗಳ ದೊಡ್ಡ ಭಂಡಾರ 'ಆರ್ಕೈವ್ ಆಫ್ ಅವರ್ ಓನ್'ನಲ್ಲಿ ಇದು ಮೊದಲಿನಿಂದಲೂ ರೂಢಿ. ಕಥೆ ಹಾಕುವವರೇ ತೀವ್ರ ಹಿಂಸೆ ಇದೆಯೇ, ಮುಖ್ಯ ಪಾತ್ರ ಸಾಯುತ್ತದೆಯೇ ಎಂದು ಗುರುತಿಸುತ್ತಾರೆ, ಹೇಳಲು ಇಷ್ಟವಿಲ್ಲದಿದ್ದರೆ ಎಚ್ಚರಿಕೆ ಹಾಕಿಲ್ಲ ಎಂದಾದರೂ ತಿಳಿಸುತ್ತಾರೆ. ಓದುಗರು ತಾವು ಓದಿದ್ದರ ಲೆಕ್ಕ ಇಡುವ ಸ್ಟೋರಿಗ್ರಾಫ್ ಎಂಬ ತಾಣದಲ್ಲಿ ಅವರೇ ಪ್ರತಿ ಪುಸ್ತಕಕ್ಕೂ ಏನಿದೆ, ಎಷ್ಟು ಗಾಢವಾಗಿದೆ ಎಂದು ಮೂರು ಮಟ್ಟದಲ್ಲಿ ಹೇಳುತ್ತಾರೆ. ಇಂಥ ವಿವರವನ್ನೂ ಕೆಟ್ಟದಾಗಿ ಬಳಸಬಹುದು, ಬಳಸಿದ್ದಾರೆ ಕೂಡ. ಅಮೆರಿಕದ ಬುಕ್‌ಲುಕ್ಸ್ ಎಂಬ ತಾಣ ಪುಸ್ತಕಗಳಿಂದ ಆಯ್ದ ಸಾಲುಗಳನ್ನು ಕಿತ್ತು ಜೋಡಿಸಿ 0ಯಿಂದ 5ರವರೆಗೆ ಅಂಕ ಹಾಕುತ್ತಿತ್ತು. ಪುಸ್ತಕ ತೆಗೆಸಲು ಶಾಲಾ ಮಂಡಳಿಗಳ ಮುಂದೆ ಬರುವವರ ಕೈಯಲ್ಲಿ ಆ ಹಾಳೆಗಳಿರುತ್ತಿದ್ದವು. 2025ರ ಮಾರ್ಚ್‌ನಲ್ಲಿ ಅದು ಮುಚ್ಚಿತು. ಅಲ್ಲಿಯೂ ಕೇಡು ಮಾಡಿದ್ದು ಅಂಕವೇ ಎಂದು ನನಗನ್ನಿಸುತ್ತದೆ. ವಿವರ ಓದಿದವರಿಗೆ ಯೋಚಿಸಬೇಕಾಗುತ್ತದೆ. ಅಂಕ ನೋಡಿದವರಿಗೆ ಆ ಕೆಲಸವಿಲ್ಲ.

ಮುಂದೇನಾಗುತ್ತದೆ ಎಂಬುದು ಬಯಲಾಗಿಬಿಡುತ್ತದೆ ಎಂದು ಲೇಖಕರು ಗೊಣಗುವುದು ಸಹಜ. ಯಾರೋ ಸಾಯುತ್ತಾರೆ ಎಂದು ಮೊದಲ ಪುಟದಲ್ಲೇ ಹೇಳಿದರೆ ಫ್ಯಾಂಟಸಿಯ ಉಸಿರೇ ನಿಂತಂತೆ. ಅದಕ್ಕೆ ವಿವರವನ್ನು ಕೊನೆಯ ಪುಟದಲ್ಲಿಟ್ಟು, ಬೇಕಾದವರು ಅಲ್ಲಿ ನೋಡಿ ಎಂದು ಮುಂದೆ ಒಂದು ಸಾಲು ಹಾಕಿದರೆ ಸಾಕು. ಸರಣಿಗೆಲ್ಲ ಸೇರಿಸಿ ಒಂದೇ ವಿವರ ಬೇಡ, ಒಂದೊಂದು ಪುಸ್ತಕಕ್ಕೂ ಅದರದ್ದೇ ಇರಲಿ. ಕನ್ನಡದಲ್ಲಿ ಹದಿಹರೆಯದವರಿಗೆಂದೇ ಬರೆದ ಫ್ಯಾಂಟಸಿ ಇನ್ನೂ ಕಡಿಮೆ. ಆ ಕಪಾಟು ತುಂಬುವ ಮೊದಲೇ ಈ ಅಭ್ಯಾಸ ಶುರುವಾದರೆ ಯಾರ ಮೇಲೂ ಹೇರಿಕೆಯಾಗುವುದಿಲ್ಲ.

ಅಂಗಡಿಯಲ್ಲಿ ಆವತ್ತು ಪುಸ್ತಕವನ್ನು ನಾನು ಕಿತ್ತುಕೊಳ್ಳಲಿಲ್ಲ. ಸೂಚನೆ ಇದ್ದ ಪುಟ ತೆರೆದು ಅವಳ ಕೈಗೇ ಕೊಟ್ಟೆ. ಬೆರಳಿಟ್ಟುಕೊಂಡು ಓದಿದಳು. 'ವಿಷಪ್ರಯೋಗ'ದ ಹತ್ತಿರ ಒಮ್ಮೆ ನಿಂತಳು, ಕೊನೆಯ ಪದಗಳ ಹತ್ತಿರ ಕಿವಿ ಕೆಂಪಾಯಿತು. "ಇದು ಹೈಸ್ಕೂಲ್ ಮುಗಿದ ಮೇಲೆ ಓದ್ತೀನಿ ಅತ್ತೆ" ಎಂದು ತಾನೇ ಹೋಗಿ ಇಟ್ಟು ಬಂದಳು. ಆಮೇಲೆ ಇನ್ನೊಂದನ್ನು ತಂದಳು, ತೆಳ್ಳಗಿನದು, ರಕ್ಷಾಪುಟದಲ್ಲಿ ಒಂದು ದೋಣಿ, ಒಂದು ಸಮುದ್ರ ಸರ್ಪ.

"ಇದರಲ್ಲೂ ಮುಂದೆ ಏನಾದ್ರೂ ಬರ್ದಿದಾರಾ ನೋಡು."

ಹುಡುಕಿದೆವು. ಅರ್ಪಣೆಯ ಪುಟ ಇತ್ತು, ದ್ವೀಪಗಳ ನಕಾಶೆ ಇತ್ತು, ಸೂಚನೆ ಏನೂ ಇರಲಿಲ್ಲ. ಇಬ್ಬರೂ ಕಪಾಟಿಗೆ ಒರಗಿ ಅಲ್ಲೇ ನೆಲದ ಮೇಲೆ ಕೂತು ಮೊದಲ ಅಧ್ಯಾಯ ಓದತೊಡಗಿದೆವು.